ಅಡವೂ ಗಲ್ಲೂ: ಕಾನೂನು ಕೊಡುವ ಗಡುವು

ಕುಮಟೆ, ಹೊನ್ನಾವರ, ಭಟ್ಕಳಗಳ ಹಳೆಯ ಮನೆಗಳಲ್ಲಿ ಹಿರಿಯರ ಮರದ ಪೆಟ್ಟಿಗೆಯನ್ನು ತೆರೆದರೆ, ತಳದಲ್ಲಿ ಭೋಗ್ಯಪತ್ರವೊಂದು ದೊರೆಯುವುದುಂಟು. ಮಗಳ ಮದುವೆಗೋ ಮಗನ ಓದಿಗೋ ಹಣ ಪಡೆದು, ತೋಟವನ್ನು ಸಾಹುಕಾರನ ಸ್ವಾಧೀನಕ್ಕೆ ಬಿಟ್ಟು, ಫಸಲನ್ನೇ ಬಡ್ಡಿಯಾಗಿ ಉಣ್ಣಗೊಡುವ ಏರ್ಪಾಡು ಅದು. "ಮೂವತ್ತು ವರ್ಷ ಸಂದಿತು, ಇನ್ನು ಅದು ನಮ್ಮದಲ್ಲ" ಎಂದು ಕೈಚೆಲ್ಲುವವರೇ ಹೆಚ್ಚು.

ಕಾನೂನು ಹಾಗೆನ್ನುವುದಿಲ್ಲ. ಅಡವು ಎಂದೆಂದಿಗೂ ಅಡವೇ. ವರ್ಷಗಳು ಉರುಳಿದ ಮಾತ್ರಕ್ಕೆ ಅದು ಕ್ರಯವಾಗದು. ಸ್ವಾಧೀನ ಭೋಗ್ಯದಲ್ಲಿ ಮೂವತ್ತು ವರ್ಷದ ಕಾಲಮಿತಿಯನ್ನು ಪತ್ರದ ತಾರೀಖಿನಿಂದ ಎಣಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೪ರಲ್ಲಿ ಸ್ಪಷ್ಟಪಡಿಸಿತು. ಸಾಲದ ಹಣ ತೀರಿದಂದಿನಿಂದಲೇ ಆ ಎಣಿಕೆ. ಆದರೆ ಪತ್ರವು ಭೋಗ್ಯದ್ದೋ ಷರತ್ತಿನ ಕ್ರಯದ್ದೋ ಎಂಬುದನ್ನು ವಕೀಲರು ಓದಿ ಹೇಳಬೇಕು.

ಬ್ಯಾಂಕಿನ ಅಡವಿನ ರೀತಿಯೇ ಬೇರೆ. ೨೦೦೨ರ ಸರ್ಫೇಸಿ ಕಾಯಿದೆಯಂತೆ ಬ್ಯಾಂಕು ದಾವೆ ಹೂಡದೆಯೇ ಮನೆಯನ್ನು ಹರಾಜಿಗಿಡಬಹುದು. ಆದರೂ ಮೊದಲು ಅರವತ್ತು ದಿನಗಳ ನೋಟೀಸು ಕೊಡಬೇಕು. ಸಾಲಗಾರನು ಆಕ್ಷೇಪಣೆ ಬರೆದರೆ ಹದಿನೈದು ದಿನಗಳೊಳಗೆ ಕಾರಣಸಹಿತ ಉತ್ತರಿಸಬೇಕು. ಸ್ವಾಧೀನಕ್ಕೆ ಕೈಹಾಕಿದರೆ ನಲವತ್ತೈದು ದಿನಗಳೊಳಗೆ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಬಹುದು. ಹೀಗೆ ಹೋಗುವ ಮೊದಲು ಕೇಳಿದ ಹಣದ ಮುಕ್ಕಾಲು ಪಾಲನ್ನು ಕಟ್ಟಬೇಕೆಂಬ ನಿಯಮವೊಂದಿತ್ತು. ದಡಕ್ಕೆ ಬಂದರೆ ಹಗ್ಗ ಕೊಡುವೆನೆಂದು ಮುಳುಗುವವನಿಗೆ ಹೇಳಿದಂತೆ! ಸರ್ವೋಚ್ಚ ನ್ಯಾಯಾಲಯವು ೨೦೦೪ರಲ್ಲಿ ಅದನ್ನು ತೊಡೆದುಹಾಕಿತು.

ಕೃಷಿಭೂಮಿ ಈ ಕಾಯಿದೆಗೆ ಹೊರತು. ಆದರೆ ಪಹಣಿಯಲ್ಲಿ ಬಾಗಾಯತು ಎಂದು ಬರೆದಿದ್ದರೆ ಸಾಲದು, ಅಲ್ಲಿ ನಿಜವಾಗಿ ಬೇಸಾಯ ನಡೆದಿರಬೇಕು. ಇನ್ನೊಂದು ಮಾತು ನಮಗೆ ಕಠಿಣವೆನಿಸುತ್ತದೆ: ೨೦೧೬ರ ತಿದ್ದುಪಡಿಯ ಬಳಿಕ, ಹರಾಜಿನ ಪ್ರಕಟಣೆ ಹೊರಟ ಮೇಲೆ ಸಾಲ ತೀರಿಸಿ ಮನೆ ಬಿಡಿಸಿಕೊಳ್ಳುವ ಹಕ್ಕು ಉಳಿಯುವುದಿಲ್ಲ. ಪತಿ ದುಬೈಯಲ್ಲಿರುವ ಭಟ್ಕಳದ ಗೃಹಿಣಿಯು ನೋಟೀಸನ್ನು ಒಡೆಯದೆ ಕಪಾಟಿನಲ್ಲಿಟ್ಟರೆ ಗತಿಯೇನು?

ಗಲ್ಲಿಗೂ ಅಡವಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಎರಡರಲ್ಲಿಯೂ ಕೈಮೀರಿದ್ದು ಹಿಂದಿರುಗದು. ಆದುದರಿಂದಲೇ ಎರಡಕ್ಕೂ ಗಡುವು. ನಮ್ಮ ಜಿಲ್ಲೆಯ ಸೆಷನ್ಸ್ ನ್ಯಾಯಾಲಯವು ಮರಣದಂಡನೆ ವಿಧಿಸಿದರೂ ಉಚ್ಚ ನ್ಯಾಯಾಲಯದ ಧಾರವಾಡ ಪೀಠವು ಅದನ್ನು ಸ್ಥಿರೀಕರಿಸದ ಹೊರತು ಜಾರಿಯಾಗದು. ಕ್ಷಮಾಯಾಚನೆ ತಿರಸ್ಕೃತವಾದರೂ ಹದಿನಾಲ್ಕು ದಿನಗಳ ಅವಕಾಶ ಕೊಡಬೇಕು, ಕುಟುಂಬಕ್ಕೆ ತಿಳಿಸಬೇಕು. ಹೀಗೆಂದುದು ೨೦೧೪ರ ಜನವರಿ ೨೧ರ ತೀರ್ಪು. ವೀರಪ್ಪನ್‌ನ ನಾಲ್ವರು ಸಹಚರರ ಅರ್ಜಿಗಳು ಒಂಬತ್ತು ವರ್ಷ ನೆನೆಗುದಿಗೆ ಬಿದ್ದಿದ್ದವೆಂದು ಅದೇ ತೀರ್ಪು ಅವರ ಗಲ್ಲನ್ನು ಜೀವಾವಧಿಗೆ ಇಳಿಸಿತು. ಅವರ ಕೃತ್ಯವನ್ನು ಕ್ಷಮಿಸಿದ್ದಲ್ಲ; ಸರಕಾರದ ವಿಳಂಬವನ್ನು ಖಂಡಿಸಿದ್ದು.

ವಕೀಲರಿಗೆ ಕೊಡಲು ಹಣವಿಲ್ಲದವರು ತಾಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬಹುದು. ೧೯೮೭ರ ಕಾಯಿದೆಯಂತೆ ಸ್ತ್ರೀಯರಿಗೂ ಬಂಧನದಲ್ಲಿರುವವರಿಗೂ ಆದಾಯದ ಮಿತಿಯಿಲ್ಲದೆ ಉಚಿತ ನೆರವು ದೊರೆಯುತ್ತದೆ. ಹೋಗುವಾಗ ನೋಟೀಸಿನ ಜೊತೆಗೆ ಅದು ಬಂದ ಲಕೋಟೆಯನ್ನೂ ಒಯ್ಯಬೇಕು. ಅಂಚೆಯ ಮುದ್ರೆಯಲ್ಲಿರುವ ತಾರೀಖು ಸಾಕ್ಷ್ಯಕ್ಕೆ ಬರುತ್ತದೆ.