ಹಿರಿಯರಿಗೆ ವಿಶ್ರಾಂತಿಯಷ್ಟೇ ಸಾಕೇ?

(ಜುಮಾ ಖುತ್ಬಾದ ಸಾರಾಂಶ)



ತಂದೆತಾಯಿಯ ಹಕ್ಕುಗಳ ಬಗ್ಗೆ ಮಿಂಬರಿನಿಂದ ನಾವು ಎಷ್ಟೋ ಸಲ ಕೇಳಿದ್ದೇವೆ. ಅವರಿಗೆ ಊಟ, ಬಟ್ಟೆ, ಔಷಧ ಒದಗಿಸಬೇಕು, ಬೇಸರದ ಒಂದು ಉಸಿರನ್ನೂ ಅವರ ಮುಂದೆ ಬಿಡಬಾರದು. ಇದರಲ್ಲಿ ಎರಡು ಮಾತಿಲ್ಲ. ಆದರೆ ಊಟ, ಔಷಧ ಆದ ಮೇಲೆ ಉಳಿಯುವ ಇಡೀ ದಿನವನ್ನು ಆ ಹಿರಿಯರು ಹೇಗೆ ಕಳೆಯುತ್ತಾರೆ ಎಂದು ನಾವು ಕೇಳಿಕೊಳ್ಳುವುದು ಕಡಿಮೆ. ನಾನೂ ಕೇಳಿಕೊಂಡಿರಲಿಲ್ಲ. ನನ್ನದೇ ಒಂದು ತಪ್ಪು ನನಗೆ ಇದನ್ನು ಕಲಿಸಿತು.

ಸಮೀರವಾಡಿಯ ನಮ್ಮ ಜಮಾಅತಿನಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರಿದ್ದಾರೆ. ಕಬ್ಬು ನುರಿಸುವ ಹಂಗಾಮಿನಲ್ಲಿ ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿದವರು. ನಿವೃತ್ತರಾದ ಮೇಲೆ ಫಜ್ರ್‌ಗೆ ಮೊದಲೇ ಬಂದು ಮಸೀದಿಯ ಬಾಗಿಲು ತೆಗೆಯುತ್ತಿದ್ದರು, ವುಝೂ ಹೌದಿಗೆ ನೀರು ಬಿಡುತ್ತಿದ್ದರು, ಚಾಪೆ ಹಾಸುತ್ತಿದ್ದರು. ಯಾರೂ ಹೇಳಿ ಮಾಡಿಸಿದ ಕೆಲಸವಲ್ಲ. ಒಂದು ಚಳಿಗಾಲದ ಮುಂಜಾನೆ ಹೌದಿನ ಹತ್ತಿರ ಜಾರಿ ಬಿದ್ದರು. ದೊಡ್ಡ ಪೆಟ್ಟೇನೂ ಆಗಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಆದರೆ ನಾನು ಗಾಬರಿಯಾಗಿ, "ಚಾಚಾ, ಇನ್ನ ಸಾಕ್ರಿ. ಹುಡುಗರು ನೋಡ್ಕೋತಾರ. ನೀವು ಮನ್ಯಾಗ ಆರಾಮ ಇರ್ರಿ" ಎಂದು ಕೀಲಿಕೈ ಈಸಿಕೊಂಡೆ. ಪ್ರೀತಿಯಿಂದಲೇ ಹೇಳಿದ್ದೆ.

ಎರಡು ತಿಂಗಳೊಳಗೆ ಅವರು ಫಜ್ರ್‌ಗೆ ಬರುವುದು ನಿಂತಿತು. ಮುಂದೆ ಜುಮಾಕ್ಕೂ ಕಾಣಲಿಲ್ಲ. ಇಡೀ ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಾರೆ, ಅರ್ಧ ರೊಟ್ಟಿ ತಿಂದು ಏಳುತ್ತಾರೆ ಎಂದು ಅವರ ಸೊಸೆ ನನ್ನ ಮನೆಯವರ ಹತ್ತಿರ ಹೇಳಿದರಂತೆ. ನೋಡಲು ಹೋದೆ. ಸಲಾಮ್ ಹೇಳಿ ಕುಳಿತಾಗ ಅವರು ಅಂದದ್ದು ಇಷ್ಟೇ: "ಮೌಲಾನಾ, ಕೀಲಿ ತಗೊಂಡ್ರಿ. ಮುಂಜಾನೆ ಎದ್ದು ನಾ ಎಲ್ಲಿಗೆ ಹೋಗ್ಲಿ, ಹೇಳ್ರಿ?"

ನನ್ನ ಹತ್ತಿರ ಉತ್ತರವಿರಲಿಲ್ಲ.

ಇಲ್ಲಿ ಆದದ್ದೇನು ಎಂದು ಸ್ವಲ್ಪ ಯೋಚಿಸೋಣ. ಕೆಲಸ ಮನುಷ್ಯನಿಗೆ ಪಗಾರವನ್ನಷ್ಟೇ ಕೊಡುವುದಿಲ್ಲ. ಏಳಲು ಒಂದು ಹೊತ್ತು, ನಡೆಯಲು ಒಂದು ದಾರಿ, ಮಾತಾಡಲು ನಾಲ್ಕು ಜನ, "ಇವತ್ತ್ಯಾಕ ಬರಲಿಲ್ಲ" ಎಂದು ಕೇಳುವ ಒಬ್ಬರು, ಇವೆಲ್ಲ ಅದರೊಂದಿಗೇ ಬರುತ್ತವೆ. ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿ ನೋಡಿ. ಮಗ್ಗ ಹೂಡಲು ಶಕ್ತಿ ಸಾಲದ ಅಜ್ಜ ಕಂಡಿಕೆ ಸುತ್ತುತ್ತಾ ಕೂರುತ್ತಾನೆ. ಒಕ್ಕಲಿಗನೂ ಹಾಗೆಯೇ, ನೇಗಿಲು ಬಿಟ್ಟರೂ ಹೊಲದ ಬದುವಿಗೆ ಹೋಗಿ ಬರುತ್ತಾನೆ. ಅವರ ಕೆಲಸ ನಿಧಾನವಾಗಿ ಹಗುರಾಗುತ್ತದೆ. ಕಾರ್ಖಾನೆ, ಕಚೇರಿಯಲ್ಲಿ ದುಡಿದವರಿಗೆ ಮಾತ್ರ ಹಾರ ಹಾಕಿದ ಆ ಒಂದೇ ದಿನದಲ್ಲಿ ಎಲ್ಲವೂ ನಿಲ್ಲುತ್ತದೆ. ಮಕ್ಕಳು ಪುಣೆ, ಬೆಂಗಳೂರು ಸೇರಿದ್ದರೆ ಮನೆಯೂ ಖಾಲಿ.

ನಮ್ಮ ದೀನ್ ಹಿರಿಯರನ್ನು ಮೂಲೆಗೆ ಕೂರಿಸಲಿಲ್ಲ. ನಿಲ್ಲಲಾಗದವರು ಕುಳಿತು, ಕೂರಲಾಗದವರು ಮಲಗಿ ನಮಾಝ್ ಮಾಡಲಿ ಎಂದಿತು. ಹಿಂದಿನ ಸಫ್‌ನಲ್ಲಿ ದುರ್ಬಲರು, ವೃದ್ಧರು ಇರುತ್ತಾರೆ, ನಮಾಝನ್ನು ಹಗುರಗೊಳಿಸಿ ಎಂದು ಪ್ರವಾದಿ(ಸ)ರವರು ಇಮಾಮರಿಗೆ ಹೇಳಿದರು. ಅಂದರೆ ವೃದ್ಧರು ಬರುವುದು ಬೇಡ ಎನ್ನಲಿಲ್ಲ, ಇಮಾಮನೇ ತನ್ನನ್ನು ತಿದ್ದಿಕೊಳ್ಳಬೇಕಾಯಿತು. ಮಸೀದಿ ಗುಡಿಸುತ್ತಿದ್ದ ಒಬ್ಬ ಮಹಿಳೆ ತೀರಿಕೊಂಡಾಗ ಜನ ಅದನ್ನು ಸಣ್ಣ ವಿಷಯವೆಂದು ಪ್ರವಾದಿ(ಸ)ರಿಗೆ ತಿಳಿಸಲಿಲ್ಲ. ಆಕೆ ಎಲ್ಲಿ ಎಂದು ಪ್ರವಾದಿ(ಸ)ರೇ ವಿಚಾರಿಸಿದರು, ಆಕೆಯ ಕಬರಿನ ಹತ್ತಿರ ಹೋಗಿ ಜನಾಝಾ ನಮಾಝ್ ಮಾಡಿದರು. ಗುಡಿಸುವ ಕೈಗೆ ಅಷ್ಟು ಬೆಲೆ ಇರುವಾಗ ಬಾಗಿಲು ತೆಗೆಯುವ ಕೈಯಿಂದ ನಾನು ಕೀಲಿ ಕಿತ್ತುಕೊಂಡಿದ್ದೆ!

ಕೈಯಲ್ಲಿ ಸಸಿ ಇರುವಾಗ ಕಿಯಾಮತ್ ಬಂದರೂ, ಆದರೆ ಅದನ್ನು ನೆಟ್ಟುಬಿಡಿ ಎಂಬ ಪ್ರವಾದಿ ಬೋಧನೆಯೂ ನಮಗೆ ಗೊತ್ತಿದೆ. ಫಲ ತಿನ್ನುವವರೆಗೆ ಇರುತ್ತೇವೋ ಇಲ್ಲವೋ ಎಂಬ ಲೆಕ್ಕ ಅಲ್ಲಿಲ್ಲ.

ನಮ್ಮ ಪಕ್ಕದ ಮಹಾಲಿಂಗಪುರದ ಇಬ್ರಾಹಿಂ ಸುತಾರ ಅವರನ್ನು ನಿಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೀರಿ. 1940ರಲ್ಲಿ ಬಡ ಮನೆಯಲ್ಲಿ ಹುಟ್ಟಿದರು. ಶಾಲೆ ಮೂರನೆಯ ಇಯತ್ತೆಗೇ ಮುಗಿಯಿತು, ನೇಕಾರಿಕೆ ಹೊಟ್ಟೆಪಾಡಾಯಿತು. ಮಸೀದಿಯಲ್ಲಿ ಕುರ್‌ಆನ್ ಕಲಿತರು, ಜೊತೆಗೆ ವಚನ, ತತ್ವಪದಗಳನ್ನೂ ಕೇಳಿ ಕೇಳಿ ಅರಗಿಸಿಕೊಂಡರು. 1970ರಲ್ಲಿ ಭಾವೈಕ್ಯ ಜಾನಪದ ಸಂಗೀತ ಮೇಳ ಕಟ್ಟಿ, ಪ್ರಶ್ನೋತ್ತರದ ರೂಪದಲ್ಲಿ ಹಾಡುತ್ತ, ವಿವರಿಸುತ್ತ ಊರೂರು ತಿರುಗಿದರು. 2018ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ 77 ವರ್ಷ. 2022ರ ಫೆಬ್ರವರಿ 5ರಂದು ತೀರಿಕೊಂಡರು. ಅವರ ಹಾಡಿನ ದಾರಿಯ ಬಗ್ಗೆ ನಮ್ಮಲ್ಲಿ ಬೇರೆ ಬೇರೆ ಅಭಿಪ್ರಾಯ ಇರಬಹುದು, ಅದು ಇಲ್ಲಿಯ ಮಾತಲ್ಲ. ಚಿಕ್ಕಂದಿನಲ್ಲಿ ಹತ್ತಿದ ಒಂದು ಹವ್ಯಾಸ ಜನರೊಂದಿಗೆ ಸೇರಿಕೊಂಡರೆ ಮುಪ್ಪಿನವರೆಗೂ ಕೈಬಿಡುವುದಿಲ್ಲ ಎಂಬುದನ್ನು ಅವರ ಬದುಕಿನಿಂದ ಕಲಿಯಬಹುದು.

ಹವ್ಯಾಸ ದೊಡ್ಡದೇ ಇರಬೇಕೆಂದಿಲ್ಲ. ಹಿತ್ತಲಲ್ಲಿ ಕರಿಬೇವು, ನುಗ್ಗೆ ಬೆಳೆಸುವುದು, ಪೇಪರ್ ಓದಿ ನಾಲ್ವರಿಗೆ ಹೇಳುವುದು, ಸೈಕಲ್ ರಿಪೇರಿ, ಮಕ್ತಬ್‌ನ ಮಕ್ಕಳ ಪಾಠ ಕೇಳುವುದು, ಓಣಿಯವರ ಪಿಂಚಣಿ ಅರ್ಜಿ ತುಂಬಿಕೊಡುವುದು, ಕಾಯಿಲೆಯವರನ್ನು ಮಾತಾಡಿಸಿ ಬರುವುದು. ನಮ್ಮ ದಾದಿಯರು ಹಳೆ ಸೀರೆ ಜೋಡಿಸಿ ಕೌದಿ ಹೊಲಿಯುತ್ತಾರಲ್ಲ, ಬೇಸಿಗೆಯಲ್ಲಿ ನಾಲ್ಕು ಮನೆಯವರು ಸೇರಿ ಶ್ಯಾವಿಗೆ ಹೊಸೆಯುತ್ತಾರಲ್ಲ, ಅದರಲ್ಲಿ ಕೈಗೂ ಕೆಲಸ, ಬಾಯಿಗೂ ಕೆಲಸ. "ಅಂಗಡ್ಯಾಗ ಸಿಗ್ತಾವ, ನಿಮಗ್ಯಾಕ ತ್ರಾಸು?" ಎಂದು ಅದನ್ನು ಬಿಡಿಸಬೇಡಿ.

ವೈದ್ಯರ ಮಾತೂ ಹೀಗೆಯೇ ಇದೆ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯುವಷ್ಟು ಚಟುವಟಿಕೆ ಬೇಕು, 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಮೈಯ ಸಮತೋಲ ಕಾಯುವ ವ್ಯಾಯಾಮ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಿವಿಯ ಕಡೆಗೂ ಗಮನ ಕೊಡಿ. ಕೇಳಿಸದ ಹಿರಿಯರು ಎರಡು ಸಲ "ಏನಂದಿ?" ಎನ್ನುತ್ತಾರೆ, ಮೂರನೇ ಸಲಕ್ಕೆ ನಾವು ರೇಗುತ್ತೇವೆ, ಆಮೇಲೆ ಅವರು ಕೇಳುವುದನ್ನೇ ಬಿಡುತ್ತಾರೆ. ಅಬ್ಬಾ ಈಗ ಮೌನಿ ಆಗಿದ್ದಾರೆ ಎಂದು ನಾವು ತಿಳಿಯುತ್ತೇವೆ. ಶ್ರವಣದೋಷವನ್ನು ಹಾಗೇ ಬಿಟ್ಟರೆ ಮರೆವಿನ ಕಾಯಿಲೆಯ ಅಪಾಯ ಹೆಚ್ಚುತ್ತದೆ ಎಂದು ಸಂಶೋಧಕರು ಎಚ್ಚರಿಸಿದ್ದಾರೆ. ಒಮ್ಮೆ ಕಿವಿ ತೋರಿಸಿಕೊಂಡು ಬನ್ನಿ. ಹಿರಿಯರು ವಾರಗಟ್ಟಲೆ ಊಟ, ಮಾತು ಬಿಟ್ಟಿದ್ದರೆ ವಯಸ್ಸಿನ ಮೇಲೆ ಹಾಕದೆ ವೈದ್ಯರಿಗೆ ತೋರಿಸಿ.

ಮಕ್ಕಳು ನೋಡಿಕೊಳ್ಳದೆ ಕಷ್ಟದಲ್ಲಿರುವ ಹಿರಿಯರು ನಿಮ್ಮ ಓಣಿಯಲ್ಲಿದ್ದರೆ, 2007ರ ಕಾಯ್ದೆಯ ಪ್ರಕಾರ ಉಪವಿಭಾಗಾಧಿಕಾರಿಗಳ ಮುಂದೆ ಜೀವನಾಂಶ ಕೇಳುವ ಹಕ್ಕು ಅವರಿಗಿದೆ ಎಂದು ತಿಳಿಸಿ. ಹಿರಿಯ ನಾಗರಿಕರ ಉಚಿತ ಸಹಾಯವಾಣಿ 14567. ಈ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಮನೆಯ ಗೋಡೆಗೆ ಅಂಟಿಸಿ.

ಚಾಚಾ ಅವರ ವಿಷಯ ಹೇಳಿ ಮುಗಿಸುತ್ತೇನೆ. ಮರುದಿನವೇ ಕೀಲಿಕೈ ಒಯ್ದು ಕೊಟ್ಟೆ, ಮಾಫಿ ಕೇಳಿದೆ. ಹೌದಿನ ಹತ್ತಿರ ಜಾರದ ರಬ್ಬರ್ ಹಾಸು ಹಾಸಿದೆವು, ಗೋಡೆಗೆ ಹಿಡಿಕೆ ಕೂರಿಸಿದೆವು, ಒಂದು ಲೈಟು ಹಾಕಿದೆವು. ಖರ್ಚು ಹೆಚ್ಚೇನೂ ಆಗಲಿಲ್ಲ. ಅವರು ಬಿದ್ದ ದಿನವೇ ಮಾಡಬೇಕಿದ್ದ ಕೆಲಸ ಅದು. ಈಗ ಮಳೆ, ಚಳಿ ಜೋರಿದ್ದ ದಿನ ಮೊಮ್ಮಗ ಜೊತೆಗೆ ಬರುತ್ತಾನೆ. ಮೊದಲಿನಷ್ಟು ಶಕ್ತಿ ಇಲ್ಲ, ಕೆಲವು ದಿನ ಬರಲಾಗುವುದಿಲ್ಲ. ಆದರೆ ಬಾರದ ದಿನ ಮೊದಲ ಸಫ್‌ನಲ್ಲಿ ಯಾರಾದರೊಬ್ಬರು "ಚಾಚಾ ಎಲ್ಲಿ?" ಎಂದು ಕೇಳಿಯೇ ಕೇಳುತ್ತಾರೆ.

ಇಂದು ಮನೆಗೆ ಹೋದ ಮೇಲೆ ನಿಮ್ಮ ಹಿರಿಯರ ಹತ್ತಿರ ಹತ್ತು ನಿಮಿಷ ಕುಳಿತು, ಅವರ ಕೈಯಿಂದ ನಾವು ಯಾವ ಕೀಲಿ ಈಸಿಕೊಂಡಿದ್ದೇವೆ ಎಂದು ಕೇಳಿ ನೋಡಿ. ನಮ್ಮ ಹಿರಿಯರಿಗೆ ಆರೋಗ್ಯವನ್ನೂ ನಮಗೆ ಅವರ ಸೇವೆಯ ಭಾಗ್ಯವನ್ನೂ ಅಲ್ಲಾಹನು ಕರುಣಿಸಲಿ. ಆಮೀನ್.