ಕರೆಂಟ್ ಎಲ್ಲಿ ಸೋರುತ್ತಿದೆ? ಕ್ಲ್ಯಾಂಪ್ ಮೀಟರ್ ಹೇಳುತ್ತದೆ

ಸ್ನಾನದ ಕೋಣೆಯ ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ವಾಷಿಂಗ್ ಮೆಶಿನ್‌ಗೆ ಒದ್ದೆ ಕೈ ತಾಗಿದರೆ ಸಣ್ಣ ಶಾಕ್. 'ಚಪ್ಪಲಿ ಹಾಕಿಕೊಂಡು ಮುಟ್ಟಿದರೆ ಏನೂ ಆಗುವುದಿಲ್ಲ' ಎಂದು ಮನೆಯವರೇ ಪರಿಹಾರ ಹೇಳಿಬಿಡುತ್ತಾರೆ. ಇನ್ನೊಂದು ಮನೆಯಲ್ಲಿ ಕರೆಂಟ್ ಬಿಲ್ಲು ಇದ್ದಕ್ಕಿದ್ದಂತೆ ಏರಿದೆ, ಕಾರಣ ಯಾರಿಗೂ ತಿಳಿದಿಲ್ಲ. ಮತ್ತೊಂದು ಮನೆಯ ಅಂಗಳದಲ್ಲಿ ನಿಂತಿರುವ ಕಾರು ನಾಲ್ಕು ದಿನ ಬಿಟ್ಟರೆ ಸ್ಟಾರ್ಟ್ ಆಗುವುದಿಲ್ಲ.

ಈ ಮೂರು ಮನೆಗಳಲ್ಲೂ ಸಾಮಾನ್ಯವಾಗಿ ನಡೆಯುವುದು ಊಹೆಯ ಚಿಕಿತ್ಸೆ. ಗೀಸರ್ ಬದಲಿಸುತ್ತಾರೆ, ಮೀಟರ್ ಸರಿಯಿಲ್ಲ ಎನ್ನುತ್ತಾರೆ, ಹೊಸ ಬ್ಯಾಟರಿ ಹಾಕಿಸುತ್ತಾರೆ. ಹಣ ಹೋಗುತ್ತದೆ, ತೊಂದರೆ ಉಳಿಯುತ್ತದೆ. ಜ್ವರ ಬಂದಾಗ ಮೊದಲು ಥರ್ಮಾಮೀಟರ್ ಇಟ್ಟು ನೋಡುವ ನಾವು ವಿದ್ಯುತ್ತಿನ ವಿಷಯದಲ್ಲಿ ಮಾತ್ರ ಅಳತೆ ಮಾಡದೆ ಔಷಧ ಕೊಡುತ್ತೇವೆ. ಅಳೆಯಲು ಬೇಕಾದ ಉಪಕರಣ ಇಂದು ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಅದರ ಹೆಸರು ಕ್ಲ್ಯಾಂಪ್ ಮೀಟರ್.

ತಂತಿ ಕತ್ತರಿಸದ ಅಳತೆ

ಸಾಧಾರಣ ಮಲ್ಟಿಮೀಟರಿನಲ್ಲಿ ಕರೆಂಟ್ ಅಳೆಯಬೇಕಾದರೆ ತಂತಿಯನ್ನು ಬಿಡಿಸಿ ಮೀಟರನ್ನು ನಡುವೆ ಸೇರಿಸಬೇಕು. ಮನೆಯ ವಯರಿಂಗ್‌ನಲ್ಲಿ ಇದು ಅಪಾಯದ ಕೆಲಸ. ಕ್ಲ್ಯಾಂಪ್ ಮೀಟರಿಗೆ ಆ ಅಗತ್ಯವಿಲ್ಲ. ಅದರ ತುದಿಯಲ್ಲಿ ಇಕ್ಕುಳದಂತೆ ತೆರೆದು ಮುಚ್ಚುವ ಬಾಯಿ ಇದೆ. ಅದರೊಳಗೆ ಒಂದು ತಂತಿಯನ್ನು ಸೇರಿಸಿ ಮುಚ್ಚಿದರೆ ಸಾಕು, ಎಷ್ಟು ಆಂಪಿಯರ್ ಹರಿಯುತ್ತಿದೆ ಎಂದು ತೋರಿಸುತ್ತದೆ. ತಂತಿಯ ಪ್ಲಾಸ್ಟಿಕ್ ಹೊದಿಕೆ ಹಾಗೆಯೇ ಇರುತ್ತದೆ.

ಇದರ ಹಿಂದಿನ ತತ್ವ ಸರಳ. ಕರೆಂಟ್ ಹರಿಯುವ ತಂತಿಯ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ ಎಂಬುದನ್ನು ಡೆನ್ಮಾರ್ಕಿನ ವಿಜ್ಞಾನಿ ಏರ್‌ಸ್ಟೆಡ್ 1820ರಲ್ಲಿ ತೋರಿಸಿಕೊಟ್ಟರು. ಮೀಟರಿನ ಬಾಯಿ ಅಳೆಯುವುದು ಆ ಕಾಂತಕ್ಷೇತ್ರವನ್ನು. ಆದ್ದರಿಂದ ಒಂದು ನಿಯಮವನ್ನು ನೆನಪಿಡಿ: ಬಾಯಿಯೊಳಗೆ ಒಂದೇ ತಂತಿ ಇರಬೇಕು. ಇಸ್ತ್ರಿಪೆಟ್ಟಿಗೆಯ ಇಡೀ ವಯರನ್ನು ಒಳಗೆ ಹಾಕಿದರೆ ಮೀಟರ್ ಸೊನ್ನೆ ತೋರಿಸುತ್ತದೆ. ಫೇಸ್‌ನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಮರಳುವುದರಿಂದ ಎರಡರ ಕಾಂತಕ್ಷೇತ್ರ ಒಂದನ್ನೊಂದು ಅಳಿಸಿಹಾಕುತ್ತವೆ. ಈ ಸೊನ್ನೆಯನ್ನು ಮರೆಯಬೇಡಿ, ಮುಂದೆ ಅದು ನಮಗೆ ಬಹಳ ಉಪಯೋಗಕ್ಕೆ ಬರಲಿದೆ.

ಮನೆಯ ಉಪಕರಣಗಳನ್ನು ಪರೀಕ್ಷಿಸಲು ಪರಿಚಯದ ಎಲೆಕ್ಟ್ರಿಶಿಯನ್‌ರಿಂದ ಒಂದು ಚಿಕ್ಕ ಎಕ್ಸ್‌ಟೆನ್ಷನ್ ವಯರ್ ಮಾಡಿಸಿಟ್ಟುಕೊಳ್ಳಿ. ಅದರಲ್ಲಿ ಫೇಸ್, ನ್ಯೂಟ್ರಲ್, ಅರ್ತ್ ಮೂರೂ ಬೇರೆ ಬೇರೆ ತಂತಿಗಳಾಗಿರಬೇಕು, ಪ್ರತಿಯೊಂದರ ಹೊದಿಕೆಯೂ ಗಟ್ಟಿಯಾಗಿರಬೇಕು. ಗೀಸರಿಗೂ ಉಪಯೋಗಿಸುವುದಾದರೆ 16 ಆಂಪಿಯರಿನ ಪ್ಲಗ್ ಮತ್ತು 2.5 ಚದರ ಮಿಲಿಮೀಟರ್ ತಂತಿ ಬೇಕು.

ಕೊಳ್ಳುವಾಗ ಗಮನಿಸಿ

ಮನೆಯ ಕರೆಂಟ್ ಎಸಿ, ಕಾರಿನದು ಡಿಸಿ. ಅಗ್ಗದ ಕ್ಲ್ಯಾಂಪ್ ಮೀಟರುಗಳ ಬಾಯಿ ಎಸಿ ಕರೆಂಟನ್ನು ಮಾತ್ರ ಅಳೆಯುತ್ತದೆ. ಪೆಟ್ಟಿಗೆಯ ಮೇಲೆ ಡಿಸಿ ವೋಲ್ಟೇಜ್ ಎಂದು ಬರೆದಿದ್ದರೆ ಅದು ಡಿಸಿ ಕರೆಂಟನ್ನೂ ಅಳೆಯುತ್ತದೆ ಎಂದು ಅರ್ಥವಲ್ಲ. ಕಾರಿಗೂ ಬೇಕಾದರೆ 'ಡಿಸಿ ಆಂಪಿಯರ್' ಇದೆಯೇ ಎಂದು ಅಂಗಡಿಯವರಲ್ಲಿ ಕೇಳಿಯೇ ಕೊಳ್ಳಿ. ಬೆಲೆ ಸ್ವಲ್ಪ ಹೆಚ್ಚು, ಆದರೆ ಒಂದೇ ಮೀಟರ್ ಎರಡಕ್ಕೂ ಆಗುತ್ತದೆ. ಮೀಟರಿನ ಮೇಲೆ 'ಕ್ಯಾಟ್ 3, 600 ವೋಲ್ಟ್' ಎಂಬ ಸುರಕ್ಷತಾ ಗುರುತು ಇರಲಿ. ಮನೆಯ ವಯರಿಂಗ್‌ಗೆ ಅದು ಸಾಕು.

ಉಪಯೋಗಿಸುವಾಗ ಕೈ, ಕಾಲು, ನೆಲ ಒಣಗಿರಬೇಕು. ಪರೀಕ್ಷಾ ವಯರುಗಳ ಹೊದಿಕೆ ಎಲ್ಲೂ ಒಡೆದಿರಬಾರದು. ಓಮ್ಸ್ ಸ್ಥಾನದಲ್ಲಿಟ್ಟು ಕರೆಂಟ್ ಇರುವ ಕಡೆ ಎಂದೂ ಮುಟ್ಟಿಸಬಾರದು. ಕರೆಂಟ್ ಇಲ್ಲ ಎಂದು ಮೀಟರ್ ತೋರಿಸಿದರೆ ತಕ್ಷಣ ನಂಬಬೇಡಿ. ಕರೆಂಟ್ ಇರುವುದು ಖಚಿತವಾದ ಇನ್ನೊಂದು ಸಾಕೆಟಿನಲ್ಲಿ ಮೀಟರ್ ಸರಿಯಾಗಿದೆಯೇ ಎಂದು ನೋಡಿ, ಮತ್ತೊಮ್ಮೆ ಇಲ್ಲಿ ಪರೀಕ್ಷಿಸಿ. ಬೋರ್ಡ್ ಬಿಚ್ಚುವುದು, ಎಂಸಿಬಿ ಪೆಟ್ಟಿಗೆ ತೆರೆಯುವುದು ಎಲೆಕ್ಟ್ರಿಶಿಯನ್‌ರ ಕೆಲಸ. ಸಪ್ಲೈ ಮೀಟರಿನ ಸೀಲನ್ನಂತೂ ಮುಟ್ಟಲೇಬಾರದು.

ಬಿಲ್ಲಿನ ಲೆಕ್ಕ

2023ರಲ್ಲಿ ಗೃಹಜ್ಯೋತಿ ಯೋಜನೆ ಬಂದ ಮೇಲೆ ಕರ್ನಾಟಕದ ಮನೆಗಳಲ್ಲಿ 200 ಯೂನಿಟ್ ಎಂಬ ಗಡಿ ಎಲ್ಲರಿಗೂ ಬಾಯಿಪಾಠವಾಗಿದೆ. ಆ ಗಡಿಯ ಹತ್ತಿರ ಇರುವವರಿಗೆ ಯಾವ ಉಪಕರಣ ಎಷ್ಟು ತಿನ್ನುತ್ತಿದೆ ಎಂದು ತಿಳಿಯುವುದು ಮುಖ್ಯ.

ಆಂಪಿಯರನ್ನು 230 ವೋಲ್ಟಿನಿಂದ ಗುಣಿಸಿದರೆ ಸುಮಾರಾಗಿ ವಾಟ್ ಸಿಗುತ್ತದೆ. ಸಾವಿರ ವಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. 2000 ವಾಟಿನ ಗೀಸರ್ 8.7 ಆಂಪಿಯರ್ ಎಳೆಯುತ್ತದೆ, ಅರ್ಧ ಗಂಟೆಯಲ್ಲಿ ಒಂದು ಯೂನಿಟ್ ಮುಗಿಸುತ್ತದೆ. ಗೀಸರ್, ಇಸ್ತ್ರಿಪೆಟ್ಟಿಗೆಗಳಿಗೆ ಈ ಲೆಕ್ಕ ಸರಿಯಾಗಿ ಹೊಂದುತ್ತದೆ. ಫ್ರಿಜ್, ಪಂಪುಗಳಂತಹ ಮೋಟರ್ ಇರುವ ಉಪಕರಣಗಳ ನಿಜವಾದ ವಾಟ್ ಈ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ.

ಆದರೆ ಬಿಲ್ಲು ಏರಿಸುವುದು ಯಾವಾಗಲೂ ದೊಡ್ಡ ಉಪಕರಣವೇ ಆಗಬೇಕಿಲ್ಲ. ಸಾಧಾರಣ ಫ್ರಿಜ್ಜಿನ ಕಂಪ್ರೆಸರ್ ಆಗಾಗ ನಿಂತು ವಿಶ್ರಾಂತಿ ಪಡೆಯಬೇಕು. ಗಂಟೆಗಟ್ಟಲೆ ನೋಡಿದರೂ ಆಂಪಿಯರ್ ಇಳಿಯದಿದ್ದರೆ ಬಾಗಿಲಿನ ರಬ್ಬರ್, ಗ್ಯಾಸ್ ಅಥವಾ ಥರ್ಮೋಸ್ಟಾಟಿನ ಮೇಲೆ ಸಂಶಯಪಡಬೇಕು. ಹಳೆಯ ಇನ್‌ವರ್ಟರ್ ಬ್ಯಾಟರಿಯೂ ಹೀಗೆಯೇ. ಎಷ್ಟು ಚಾರ್ಜ್ ಮಾಡಿದರೂ ತುಂಬದೆ ದಿನವಿಡೀ ಕರೆಂಟ್ ಎಳೆಯುತ್ತಲೇ ಇರುತ್ತದೆ.

ಬಾವಿಯ ಪಂಪು ಕೈಕೊಡುವ ಮುನ್ನ ಸೂಚನೆ ಕೊಡುವುದುಂಟು. ಪಂಪಿನ ತಗಡಿನ ಮೇಲೆ ಬರೆದಿರುವ ಆಂಪಿಯರಿಗಿಂತ ಹೆಚ್ಚು ಎಳೆಯುತ್ತಿದ್ದರೆ ಅದು ಎಲ್ಲೋ ಬಿಗಿಯುತ್ತಿದೆ, ಇಲ್ಲವೇ ವೋಲ್ಟೇಜ್ ಕಡಿಮೆಯಿದೆ. ಮಾಮೂಲಿಗಿಂತ ಬಹಳ ಕಡಿಮೆ ತೋರಿಸಿದರೆ ನೀರಿಲ್ಲದೆ ಖಾಲಿ ಓಡುತ್ತಿರಬಹುದು. ಗುಂಯ್ ಎಂದು ಸದ್ದು ಮಾಡುತ್ತಾ ತಿರುಗದೆ ಹಲವು ಪಟ್ಟು ಕರೆಂಟ್ ಎಳೆದರೆ ಕೂಡಲೇ ಸ್ವಿಚ್ ಆರಿಸಿ, ಕೆಪಾಸಿಟರ್ ಪರೀಕ್ಷಿಸಿ ಎಂದು ಮೆಕ್ಯಾನಿಕ್‌ಗೆ ಹೇಳಿ. ಮೋಟರ್ ಸುಟ್ಟು ವೈಂಡಿಂಗ್ ಮಾಡಿಸುವ ಖರ್ಚು ಉಳಿಯಬಹುದು.

ಅರ್ತ್ ಇದೆಯೇ?

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರೋಣ. ಮೂರು ತೂತಿನ ಸಾಕೆಟಿನಲ್ಲಿ ಮೇಲಿನ ದೊಡ್ಡ ತೂತು ಅರ್ತ್. ನಿಮ್ಮ ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್. ಮೀಟರನ್ನು ಎಸಿ ವೋಲ್ಟೇಜಿಗೆ ತಿರುಗಿಸಿ ಮೂರು ಅಳತೆ ತೆಗೆಯಿರಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಆಸುಪಾಸು ಬರಬೇಕು. ಫೇಸ್ ಮತ್ತು ಅರ್ತ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಒಂದೆರಡು ವೋಲ್ಟ್ ಬಂದರೆ ಚಿಂತೆಯಿಲ್ಲ.

ಫೇಸ್ ಮತ್ತು ಅರ್ತ್ ನಡುವೆ ಏನೂ ಬಾರದಿದ್ದರೆ, ಅಥವಾ ಸಂಖ್ಯೆ ಎಲ್ಲೆಲ್ಲೋ ಅಲೆದಾಡುತ್ತಿದ್ದರೆ ಆ ಸಾಕೆಟಿಗೆ ಅರ್ತ್ ಇಲ್ಲ ಎಂದೇ ತಿಳಿಯಿರಿ. 230 ಬಂದರೂ ಅದು ಮೊದಲ ಸೂಚನೆ ಮಾತ್ರ. ಅರ್ತ್ ಎಷ್ಟು ಗಟ್ಟಿಯಾಗಿದೆ ಎಂಬುದನ್ನು ಎಲೆಕ್ಟ್ರಿಶಿಯನ್ ಬೇರೆ ಉಪಕರಣದಿಂದ ನೋಡಬೇಕು. ಮನೆಯಲ್ಲಿ ದೊಡ್ಡ ಲೋಡ್ ಓಡುತ್ತಿರುವಾಗಲೂ ನ್ಯೂಟ್ರಲ್ ಮತ್ತು ಅರ್ತ್ ನಡುವೆ ಅಚ್ಚುಕಟ್ಟಾಗಿ ಸೊನ್ನೆಯೇ ಬರುತ್ತಿದ್ದರೆ ಸಂಶಯಪಡಿ. ಯಾರೋ ಸಾಕೆಟಿನೊಳಗೇ ಎರಡನ್ನೂ ಕೂಡಿಸಿರಬಹುದು. ಹಾಗೆ ಮಾಡಿದ ಮನೆಯಲ್ಲಿ ನ್ಯೂಟ್ರಲ್ ತಂತಿ ಎಲ್ಲಾದರೂ ಕಡಿದುಹೋದರೆ ಉಪಕರಣದ ಲೋಹದ ಮೈಗೇ ಕರೆಂಟ್ ಬರುತ್ತದೆ.

ಜುಮ್ಮೆನ್ನುವ ಗೀಸರ್

ಮೊದಲು ಹೇಳಿದ ಸೊನ್ನೆ ಈಗ ಉಪಯೋಗಕ್ಕೆ ಬರುತ್ತದೆ. ಎಕ್ಸ್‌ಟೆನ್ಷನ್ ವಯರಿನ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮೀಟರಿನ ಬಾಯಿಯೊಳಗೆ ಹಾಕಿ, ಅರ್ತ್ ಹೊರಗಿರಲಿ. ಗೀಸರನ್ನು ಮುಟ್ಟದೆ ಸ್ವಿಚ್ ಹಾಕಿ. ಹೋದಷ್ಟೇ ಕರೆಂಟ್ ಮರಳಿದರೆ ಸೊನ್ನೆ ಬರಬೇಕು. ಸೊನ್ನೆ ಬಾರದಿದ್ದರೆ ಕರೆಂಟ್ ಬೇರೆ ದಾರಿಯಲ್ಲಿ ಸೋರುತ್ತಿದೆ. ಗೀಸರಿನ ಕಾಯಿಲ್ ಒಡೆದಾಗ ಆಗುವುದು ಹೀಗೆಯೇ.

ಇಲ್ಲಿ ಎರಡು ಎಚ್ಚರಿಕೆ ಬೇಕು. ಸಾಧಾರಣ ಮೀಟರ್ ತೋರಿಸುವ ಅತಿ ಚಿಕ್ಕ ಅಳತೆ 0.01 ಆಂಪಿಯರ್, ಅಂದರೆ 10 ಮಿಲಿಆಂಪಿಯರ್. ಅಷ್ಟು ಸಣ್ಣ ಅಳತೆಯಲ್ಲಿ ಅದನ್ನು ಪೂರ್ತಿ ನಂಬುವಂತಿಲ್ಲ. ಮನುಷ್ಯನಿಗಾದರೋ 30 ಮಿಲಿಆಂಪಿಯರ್ ಕೂಡ ಅಪಾಯಕಾರಿ. ಇನ್ನೊಂದು ಮಾತು: ಅರ್ತ್ ಇಲ್ಲದ ಮನೆಯಲ್ಲಿ ಸೋರಿದ ಕರೆಂಟಿಗೆ ಹೋಗಲು ದಾರಿಯೇ ಇಲ್ಲದಿರಬಹುದು. ಆಗಲೂ ಮೀಟರ್ ಸೊನ್ನೆ ತೋರಿಸುತ್ತದೆ. ಅದು ಕ್ಷೇಮದ ಸೊನ್ನೆಯಲ್ಲ. ಒದ್ದೆ ಕಾಲಿನಲ್ಲಿ ಯಾರಾದರೂ ಬಂದು ನಲ್ಲಿ ಮುಟ್ಟಿದಾಗ ಅವರ ದೇಹವೇ ಆ ದಾರಿಯಾಗುತ್ತದೆ. ಆದ್ದರಿಂದ ಅರ್ತ್ ಪರೀಕ್ಷೆ ಮೊದಲು, ಸೋರಿಕೆಯ ಪರೀಕ್ಷೆ ನಂತರ. ಒಮ್ಮೆ ಶಾಕ್ ಹೊಡೆದ ಉಪಕರಣವನ್ನು ಮೀಟರ್ ಏನೇ ಹೇಳಿದರೂ ರಿಪೇರಿ ಮಾಡಿಸದೆ ಉಪಯೋಗಿಸಬೇಡಿ.

'ನಮ್ಮ ಮನೆಯಲ್ಲಿ ಎಂಸಿಬಿ ಇದೆ, ಭಯವಿಲ್ಲ' ಎನ್ನುವವರಿದ್ದಾರೆ. 16 ಆಂಪಿಯರಿನ ಎಂಸಿಬಿ ಬೀಳಬೇಕಾದರೆ ಅದಕ್ಕಿಂತ ಹೆಚ್ಚು ಕರೆಂಟ್ ಹರಿಯಬೇಕು. ಮನುಷ್ಯನ ಜೀವ ತೆಗೆಯಲು ಅದರ ನೂರನೆಯ ಒಂದು ಪಾಲೂ ಬೇಡ. ಎಂಸಿಬಿ ಕಾಪಾಡುವುದು ತಂತಿಯನ್ನು. ಮನುಷ್ಯನನ್ನು ಕಾಪಾಡುವುದು ಆರ್‌ಸಿಸಿಬಿ. ನೀವು ಮೀಟರಿನಲ್ಲಿ ಎರಡು ತಂತಿ ಹಾಕಿ ನೋಡಿದ ಪರೀಕ್ಷೆಯನ್ನೇ ಅದು ಹಗಲೂ ರಾತ್ರಿ ಮಾಡುತ್ತಿರುತ್ತದೆ. ಹೋದ ಕರೆಂಟಿಗೂ ಬಂದ ಕರೆಂಟಿಗೂ 30 ಮಿಲಿಆಂಪಿಯರಿನಷ್ಟು ವ್ಯತ್ಯಾಸ ಕಂಡರೆ ಕಣ್ಣು ಮಿಟುಕಿಸುವಷ್ಟರಲ್ಲಿ ಸಪ್ಲೈ ಕಡಿಯುತ್ತದೆ. ಅದು ಮೇಲಿಂದ ಮೇಲೆ ಬೀಳುತ್ತದೆ ಎಂದು ತೆಗೆಸಿಬಿಡುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಯಾಕೆ ಬೀಳುತ್ತಿದೆ ಎಂದು ಹುಡುಕಿಸಿ.

ಅಂಗಳದಲ್ಲಿ ನಿಂತ ಕಾರು

ಯಜಮಾನರು ಗಲ್ಫಿನಲ್ಲಿ, ಕಾರು ಊರಿನ ಮನೆಯಂಗಳದಲ್ಲಿ. ಕರಾವಳಿಯಲ್ಲಿ ಇಂತಹ ಮನೆಗಳು ಬಹಳ. ರಜೆಯಲ್ಲಿ ಬಂದಾಗ ಮೊದಲ ಖರ್ಚು ಬ್ಯಾಟರಿಯದ್ದು. ಆದರೆ ದೋಷ ಬ್ಯಾಟರಿಯದ್ದೇ ಎಂದು ಹೇಳಲಾಗದು.

ಕಾರು ಕೆಲವು ಗಂಟೆ ನಿಂತ ಮೇಲೆ ಬ್ಯಾಟರಿಯ ಎರಡು ತುದಿಗಳ ನಡುವೆ ಡಿಸಿ ವೋಲ್ಟೇಜ್ ನೋಡಿ. 12.6 ಇದ್ದರೆ ತುಂಬಿದೆ. 12.2 ಇದ್ದರೆ ಅರ್ಧ ಖಾಲಿ. ಇಂಜಿನ್ ಚಾಲೂ ಇರುವಾಗ ಸಾಮಾನ್ಯವಾಗಿ 13.8ರಿಂದ 14.4ರವರೆಗೆ ಏರಬೇಕು. ಏರದಿದ್ದರೆ ಗ್ಯಾರೇಜಿನವರು ಡೈನಮೋ ಎಂದು ಕರೆಯುವ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ಹೊಸ ಬ್ಯಾಟರಿ ಹಾಕಿಸಿದರೂ ಅದು ಬಹಳ ದಿನ ಬಾಳದು. ಸ್ಟಾರ್ಟ್ ಮಾಡುವ ಕ್ಷಣದಲ್ಲಿ ವೋಲ್ಟೇಜ್ 10ಕ್ಕಿಂತ ಬಹಳ ಕೆಳಗಿಳಿದರೆ ಬ್ಯಾಟರಿ ಸೋತಿದೆ. ಟರ್ಮಿನಲ್ಲಿನಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಮೊದಲು ಅದನ್ನು ಸ್ವಚ್ಛಗೊಳಿಸಿ ನೋಡಿ.

ನಿಂತ ಕಾರಿನಲ್ಲಿ ಕರೆಂಟ್ ಸೋರುತ್ತಿದೆಯೇ ಎಂದು ತಿಳಿಯಲು ಡಿಸಿ ಕ್ಲ್ಯಾಂಪ್ ಬೇಕು. ಬಾನೆಟ್ ತೆರೆದಿಟ್ಟು ಕಾರನ್ನು ಲಾಕ್ ಮಾಡಿ, ಕೀಯನ್ನು ದೂರ ಇಡಿ, ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಿರಿ. ಕಾರಿನೊಳಗಿನ ಎಲೆಕ್ಟ್ರಾನಿಕ್ ಭಾಗಗಳು ನಿದ್ರೆಗೆ ಹೋಗಲು ಅಷ್ಟು ಸಮಯ ಬೇಕು. ಮೀಟರಿನ ಸೊನ್ನೆ ಗುಂಡಿ ಒತ್ತಿ, ಬ್ಯಾಟರಿಯ ಮೈನಸ್ ತುದಿಯಿಂದ ಹೊರಡುವ ಎಲ್ಲ ತಂತಿಗಳನ್ನೂ ಒಟ್ಟಾಗಿ ಬಾಯಿಯೊಳಗೆ ಸೇರಿಸಿ. 0.05 ಆಂಪಿಯರಿನವರೆಗೆ ಇದ್ದರೆ ಸಹಜ. 0.3 ಆಂಪಿಯರ್ ಇದ್ದರೆ ದಿನಕ್ಕೆ 7.2 ಆಂಪಿಯರ್-ಗಂಟೆ ಹೋಗುತ್ತದೆ. 35 ಆಂಪಿಯರ್-ಗಂಟೆಯ ಬ್ಯಾಟರಿ ಎರಡೂವರೆ ದಿನದಲ್ಲಿ ಅರ್ಧ ಖಾಲಿ!

ಕಳ್ಳನನ್ನು ಹಿಡಿಯಲು ಫ್ಯೂಸ್ ಕೀಳಬೇಕಾಗಿಲ್ಲ. ಮೀಟರನ್ನು ಮಿಲಿವೋಲ್ಟಿನಲ್ಲಿಟ್ಟು ಪ್ರತಿ ಫ್ಯೂಸಿನ ನೆತ್ತಿಯ ಮೇಲಿರುವ ಎರಡು ಲೋಹದ ಚುಕ್ಕೆಗಳನ್ನು ಮುಟ್ಟಿ. ಸೊನ್ನೆ ಬಂದರೆ ಅದರಲ್ಲಿ ಕರೆಂಟ್ ಹರಿಯುತ್ತಿಲ್ಲ. ಏನಾದರೂ ಸಂಖ್ಯೆ ಕಂಡರೆ ಆ ಸರ್ಕ್ಯೂಟನ್ನು ಪರಿಶೀಲಿಸಿ. ಡಿಕ್ಕಿಯಲ್ಲಿ ಆರದೆ ಉಳಿದ ಬಲ್ಬು, ಆಮೇಲೆ ಹಾಕಿಸಿದ ಸ್ಟೀರಿಯೋ, ಕ್ಯಾಮರಾ, ಜಿಪಿಎಸ್ ಇವುಗಳಲ್ಲಿ ಒಂದಿರಬಹುದು. ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್ಲುಗಳನ್ನು ಮಾತ್ರ ಮುಟ್ಟಬಾರದು.

ಯಾವ ದೋಷವೂ ಇಲ್ಲದ ಕಾರಿನ ಬ್ಯಾಟರಿಯೂ ತಿಂಗಳುಗಟ್ಟಲೆ ನಿಂತರೆ ಖಾಲಿಯಾಗುತ್ತದೆ. 0.03 ಆಂಪಿಯರ್ ಸಹ 24 ದಿನಗಳಲ್ಲಿ ಅದೇ 35ರ ಬ್ಯಾಟರಿಯನ್ನು ಅರ್ಧ ಮುಗಿಸುತ್ತದೆ. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವುದರಿಂದ ಪ್ರಯೋಜನ ಕಡಿಮೆ. ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ, ಅಥವಾ ಹೊರಡುವ ಮುನ್ನ ಮೈನಸ್ ತಂತಿಯನ್ನು ಬಿಡಿಸಿಟ್ಟು ಹೋಗಿ.

ಒಂದು ಪುಟ್ಟ ಪುಸ್ತಕ

ಮೀಟರಿನ ಜೊತೆಗೆ ಒಂದು ಚಿಕ್ಕ ನೋಟ್‌ಬುಕ್ ಇಡಿ. ಎಲ್ಲವೂ ಸರಿಯಿರುವಾಗಲೇ ಪಂಪು, ಫ್ರಿಜ್, ಗೀಸರ್, ಎಸಿಗಳ ಆಂಪಿಯರನ್ನೂ ಕಾರಿನ ವೋಲ್ಟೇಜನ್ನೂ ತಾರೀಕಿನ ಸಹಿತ ಬರೆದಿಡಿ. ತೊಂದರೆ ಬಂದಾಗ ಹೋಲಿಸಲು ಅದಕ್ಕಿಂತ ಒಳ್ಳೆಯ ದಾಖಲೆ ಸಿಗದು. ರಿಪೇರಿಗೆ ಬಂದವರಿಗೂ ನೀವು 'ಏನೋ ಸರಿಯಿಲ್ಲ' ಎನ್ನುವ ಬದಲು 'ಮೊದಲು ಐದು ಎಳೆಯುತ್ತಿತ್ತು, ಈಗ ಎಂಟು' ಎಂದು ಹೇಳಬಹುದು. ಅವರ ಕೆಲಸ ಸುಲಭವಾಗುತ್ತದೆ, ಬೇಡದ ಬಿಡಿಭಾಗ ಬದಲಿಸುವ ಮಾತೂ ಕಡಿಮೆಯಾಗುತ್ತದೆ.

ಮೀಟರ್ ಕೊಳ್ಳುವ ತನಕ ಕಾಯದೆ ಇಂದೇ ಮಾಡಬಹುದಾದ ಕೆಲಸವೂ ಒಂದಿದೆ. ನಿಮ್ಮ ಮನೆಯ ಎಂಸಿಬಿ ಪೆಟ್ಟಿಗೆಯಲ್ಲಿ ಆರ್‌ಸಿಸಿಬಿ ಇದೆಯೇ ಎಂದು ನೋಡಿ. ಇದ್ದರೆ ಅದರ ಮೇಲಿನ ಪರೀಕ್ಷಾ ಗುಂಡಿಯನ್ನು ಒತ್ತಿ. ಸಪ್ಲೈ ಕಡಿದರೆ ಅದು ಕೆಲಸ ಮಾಡುತ್ತಿದೆ. ಕಡಿಯದಿದ್ದರೆ, ಅಥವಾ ಆರ್‌ಸಿಸಿಬಿಯೇ ಇಲ್ಲದಿದ್ದರೆ, ಮಕ್ಕಳು ನಾಳೆ ಸ್ನಾನಕ್ಕೆ ಹೋಗುವ ಮುನ್ನ ಎಲೆಕ್ಟ್ರಿಶಿಯನ್‌ಗೆ ಫೋನ್ ಮಾಡಿ.