ಸಾವಿರ ಪಿನ್, ಒಂದೇ ಅಳತೆ

ಪ್ರಶ್ನೆ: ಸಿಎನ್‌ಸಿ ಲೇತ್‌ನಲ್ಲಿ ಒಂದೇ ಪ್ರೋಗ್ರಾಂ ಹಾಕಿದರೆ ಸಾವಿರ ಪಿನ್ನುಗಳೂ ಒಂದೇ ಅಳತೆಗೆ ಬರುತ್ತವೆಯೇ?
– ಓದುಗರು, ಪಾಲಹಳ್ಳಿ

ಉತ್ತರ: ಬರುತ್ತವೆ, ಆದರೆ ತಾವಾಗಿಯೇ ಅಲ್ಲ. ಪ್ರೋಗ್ರಾಂನ ಕೋಡ್‌ಗಳಲ್ಲಿ ಜಿ00 ಎಂದರೆ ಟೂಲ್ ವೇಗವಾಗಿ ಜಾಗಕ್ಕೆ ಹೋಗುತ್ತದೆ. ಜಿ01 ಎಂದರೆ ಕೊಟ್ಟ ಫೀಡ್‌ನಲ್ಲಿ ನೇರವಾಗಿ ಕತ್ತರಿಸುತ್ತದೆ. ಎಂ30 ಬಂದಾಗ ಪ್ರೋಗ್ರಾಂ ಮುಗಿದು ಮೊದಲ ಸಾಲಿಗೆ ಮರಳುತ್ತದೆ. ಹೊಸ ತುಂಡು ಹಾಕಿ ಸ್ಟಾರ್ಟ್ ಒತ್ತಿದರಾಯಿತು.

ತೊಡಕಿರುವುದು ಟೂಲ್ ಸವೆತದಲ್ಲಿ. 25 ಮಿ.ಮೀ. ಇರಬೇಕಾದ ವ್ಯಾಸ ಬರಬರುತ್ತಾ 25.02 ಆಗುತ್ತದೆ. ಆಗ ಪ್ರೋಗ್ರಾಂ ಮುಟ್ಟಬೇಡಿ. ಮೈಕ್ರೋಮೀಟರ್‌ನಲ್ಲಿ ಅಳೆದು, ಆ ಟೂಲ್‌ನ ವೇರ್ ಆಫ್‌ಸೆಟ್‌ನಲ್ಲಿ ಎಕ್ಸ್‌ಗೆ ಮೈನಸ್ 0.02 ಸೇರಿಸಿ. ಒಳ್ಳೆಯ ಆಪರೇಟರನ ಗುರುತು ಇದೇ ಎಂಬುದು ನನ್ನ ದೃಢ ಅಭಿಪ್ರಾಯ. 1953ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ಕಾರ್ಖಾನೆಯ ಕೈಲೇತ್‌ಗಳಿಗೂ ಅಳೆದು ತಿದ್ದುವ ಇದೇ ಎಚ್ಚರ ಬೇಕಿತ್ತು.

ಕಲಿಯುವ ಆಸೆಯಿದ್ದರೆ ನಿಮಗೆ ಹತ್ತಿರದ ಮೈಸೂರಿನ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ (ಜಿಟಿಟಿಸಿ) ವಿಚಾರಿಸಿ.